ನಾನು ಸುಣ್ಣ ಬಳಿದ ನೆಲ್ಲಿಮರಗಳು

ನಾನು ಏಳು ಸಲ ನಿವೃತ್ತಳಾಗಿದ್ದೇನೆ. ವಯಸ್ಸು ಇಪ್ಪತ್ತೊಂಬತ್ತು. ಸುಳ್ಳಲ್ಲ. ಕಾಡಿನಲ್ಲಿ ಬೆಂಕಿ ಕಾಯುವ ಕೆಲಸ ಜನವರಿಯಲ್ಲಿ ಶುರುವಾಗಿ ಮೊದಲ ಒಳ್ಳೆಯ ಮಳೆಗೆ ಮುಗಿದುಹೋಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಟೋಪಿ, ಟಾರ್ಚು, ನೀರಿನ ಕ್ಯಾನು ವಾಪಸ್ ಕೊಟ್ಟು ಮನೆಗೆ ಹೋಗಬೇಕು. ಹಾರವಿಲ್ಲ, ಶಾಲಿಲ್ಲ. ಭಾಷಣವನ್ನು ಗುಡುಗೇ ಮಾಡಿ ಮುಗಿಸಿರುತ್ತದೆ.

ಆರು ಸಲ ಹಾಗೆ ನಿವೃತ್ತಳಾಗಿ ಮತ್ತೆ ಜನವರಿಯಲ್ಲಿ ಹಾಜರಾಗಿದ್ದೆ. ಏಳನೆಯದು ಮಾತ್ರ ನಿಜವಾದದ್ದು. ಕೊಳ್ಳೇಗಾಲದ ಡಾಕ್ಟರು ನನ್ನ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, "ಹೊಗೆ ಬಿಟ್ಟುಬಿಡಿ" ಅಂದರು. ನಾನು ಬೀಡಿ ಸೇದುವವಳಲ್ಲ ಸರ್ ಅಂದೆ. "ನೀವು ಸೇದಬೇಕಾಗಿಲ್ಲ ಕಣಮ್ಮ, ಕಾಡು ಸೇದಿ ನಿಮ್ಮ ಮುಖಕ್ಕೇ ಬಿಟ್ಟಿದೆ" ಅಂದರು. ಈಗ ಅದೇ ಕೊಳ್ಳೇಗಾಲದ ಒಂದು ರೇಷ್ಮೆ ಅಂಗಡಿಯಲ್ಲಿ ಸೀರೆ ಮಡಚುತ್ತೇನೆ. ಊದುಬತ್ತಿ ಬಿಟ್ಟರೆ ಅಲ್ಲಿ ಬೇರೆ ಬೆಂಕಿಯಿಲ್ಲ. ಅದು ಹತ್ತಿದಾಗಲೂ ನನ್ನ ಕಣ್ಣು ಅದರ ಮೇಲೇ ಇರುತ್ತದೆ.

ನನ್ನ ಜೊತೆ ಏಳು ಬೇಸಿಗೆ ಬೆಂಕಿ ಕಾದ ಮಾದೇಶ ಇನ್ನೂ ಅದೇ ಕೆಲಸದಲ್ಲಿದ್ದಾನೆ. ಹೋದ ವಾರ ಅಂಗಡಿಗೆ ಬಂದಿದ್ದ. "ಜನವರಿಗೆ ಒಸಬ್ರು ಬತ್ತವ್ರ ಕಣೆ ಪವಿ. ನೀನೇ ಏನಾರ ಏಳು. ಬಾಯಲ್ಲಿ ಬ್ಯಾಡ, ಮೂರ್ ದಿನ ಆಯ್ತದ. ಬರ್ದ್ಕೊಡು" ಅಂದ. ಅದಕ್ಕೇ ಇದನ್ನು ಫೋನಿನಲ್ಲಿ ಒತ್ತುತ್ತಾ ಕೂತಿದ್ದೇನೆ. ಹೊಸಬರೇ, ಇದು ನಿಮಗೆ. ಬೆಂಕಿ ಆರಿಸುವುದು ಹೇಗೆ ಅಂತ ನಿಮಗೆ ಒಂದು ದಿನದ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆರಿದ ಮೇಲೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನನಗೂ ಹೇಳಲಿಲ್ಲ. ಅದರಿಂದ ಮುನ್ನೂರ ನಲವತ್ತು ನೆಲ್ಲಿಮರಗಳ ಪ್ರಾಣಕ್ಕೆ ಬಂದಿತ್ತು.

ನಾನು ಬಂಡಳ್ಳಿಯವಳು. ಪಿಯುಸಿ ಆದ ಮೇಲೆ ಮುಂದೆ ಓದಲಿಲ್ಲ. ಕಾಡಿನ ವಿಷಯ ಕಲಿತದ್ದೆಲ್ಲ ಫೋನಿನಲ್ಲಿ. ಸೇರಿದ ದಿನ ರೇಂಜ್ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಒಲೆ ಮುಂದೆ ಕೂತು ಕಾಯೋ ಬೆಂಕಿ ಅಲ್ಲಮ್ಮ" ಅಂದರು. ಒಲೆ ಬೆಂಕಿ ಆರದ ಹಾಗೆ ನೋಡಿಕೊಳ್ಳಬೇಕು ಸಾರ್, ಇದನ್ನು ಆರಿಸಿದರೆ ಆಯಿತಲ್ಲ, ಇದೇ ಸುಲಭ ಅಂದೆ. ಅವರು ನಗಲಿಲ್ಲ. ನಗುವುದಕ್ಕೂ ಮೇಲಿನಿಂದ ಆದೇಶ ಬರಬೇಕು ಅನ್ನುವಂಥವರು. ಆದರೆ ಕೆಲಸ ಕೊಟ್ಟರು.

ನಮ್ಮ ತಂಡದ ಹಿರಿಯರು ಕೇತಜ್ಜ. ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರು. ಅವರ ಪೋಡು, ಅಂದರೆ ಕಾಡೊಳಗಿನ ಅವರ ಹಟ್ಟಿ, ನಮ್ಮ ಕ್ಯಾಂಪಿನಿಂದ ಕೂಗಳತೆಯ ದೂರ. ವಯಸ್ಸು ಕೇಳಿದರೆ ಕೈ ಎತ್ತಿ ಒಂದು ಮರ ತೋರಿಸಿ, "ಅದು ನಮ್ಮಪ್ಪನ್ ಮೊಣಕಾಲ್ಗಂಟ ಇತ್ತು, ಆಗ ನಾನೂ ಅಷ್ಟೇಯ ಇದ್ದಿ" ಅನ್ನುತ್ತಿದ್ದರು. ಆ ಮರದ ತುದಿ ನೋಡಲು ನಾನು ಟೋಪಿ ಹಿಡಿದುಕೊಳ್ಳಬೇಕಿತ್ತು.

ಮೊದಲ ಬೇಸಿಗೆಯಲ್ಲಿ ನನ್ನ ಜ್ಞಾನ ತಡೆಯಲಾಗದಷ್ಟಿತ್ತು. ಯಾವುದೋ ದೇಶದಲ್ಲಿ ಒಂದು ಜಾತಿಯ ಮರದ ಕಾಯಿ ಬೆಂಕಿ ತಗುಲಿದರೆ ಮಾತ್ರ ಬಾಯಿ ಬಿಡುತ್ತದಂತೆ, ಬೀಜ ಬೂದಿಯ ಮೇಲೆ ಬೀಳುತ್ತದಂತೆ. ಆ ವಿಡಿಯೋವನ್ನು ಕೇತಜ್ಜನಿಗೆ ತೋರಿಸಿದೆ. ಅವರು ಪೂರ್ತಿ ನೋಡಿದರು. ಫೋನು ವಾಪಸ್ ಕೊಟ್ಟು ಕೇಳಿದರು:

"ಈ ಮರ ಯಾವ್ ಬಸ್ಸಲ್ಲಿ ಬತ್ತದಮ್ಮಿ?"

"ಇಲ್ಲಿಗೆ ಬರಲ್ಲ ಅಜ್ಜ. ಅದು ಬೇರೆ ದೇಶದ್ದು."

"ಮತ್ತ ನಮ್ ಮರ ಯಾನ ಮಾಡ್ತದ ಅಂತ ಅದ್ರಲ್ಲಿ ಏಳಿಲ್ವಾ?"

ಹೇಳಿರಲಿಲ್ಲ. ಅದನ್ನು ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆಗ ನಾನು ಹೇಳುವುದರಲ್ಲಿ ಇದ್ದೆ.

ಎರಡನೆಯ ಬೇಸಿಗೆಯಲ್ಲಿ ನನ್ನನ್ನು ಸತ್ತೇಗಾಲದ ಮೇಲಿನ ಗುಡ್ಡದ ಅಟ್ಟಣೆಗೆ ಹಾಕಿದರು. ಕೆಲಸ, ಹೊಗೆ ಕಂಡರೆ ವೈರ್‌ಲೆಸ್ಸಿನಲ್ಲಿ ಕೂಗುವುದು. ಮೂರನೆಯ ದಿನವೇ ಕಂಡಿತು. ಬಿಳಿ ಹೊಗೆ, ನೆಟ್ಟಗೆ ಮೇಲಕ್ಕೆ, ಒಂದೇ ಕಡೆಯಿಂದ. ಕೂಗಿದೆ. ಜೀಪು ಬಂತು, ಹನ್ನೊಂದು ಜನ ಬೆಂಕಿ ಬಡಿಯಲು ಹಸಿರು ಸೊಪ್ಪಿನ ಪೊರಕೆ ಹಿಡಿದು ಓಡಿದರು. ಅರ್ಧ ಗಂಟೆ ವೈರ್‌ಲೆಸ್ಸು ಸುಮ್ಮನಿತ್ತು. ಆಮೇಲೆ ಸಾಹೇಬರ ದನಿ: "ಬೆಂಕಿ ಆರಿಸಿದ್ರಾ?" ಮಾದೇಶನ ದನಿ: "ಆರಿಸಿಲ್ಲ ಸಾ, ತಿಂತಾ ಇದ್ದೀವಿ." ಅದು ಕಬ್ಬಿನ ಆಲೆಮನೆಯ ಹೊಗೆ. ಬೆಲ್ಲ ಇಳಿಸುವ ಹೊತ್ತಿಗೆ ಸರಿಯಾಗಿ ಹನ್ನೊಂದು ಜನ ಸೊಪ್ಪು ಹಿಡಿದು ನುಗ್ಗಿದ್ದಾರೆ. ಆಲೆಮನೆಯವರು ಯಾವುದೋ ಹರಕೆಯವರು ಅಂದುಕೊಂಡು ಎಲ್ಲರ ಕೈಗೂ ಬಿಸಿ ಬೆಲ್ಲ ಕೊಟ್ಟಿದ್ದಾರೆ. ಆ ಬೇಸಿಗೆ ಪೂರ್ತಿ ನನ್ನ ಹೆಸರು ಬೆಲ್ಲದ ಪವಿ.

ಹೊಸಬರು ನೆನಪಿಡಿ. ಆಲೆಮನೆಯ ಹೊಗೆ ಕೂತ ಕಡೆಯೇ ಕೂತಿರುತ್ತದೆ. ಕಾಡಿನ ಹೊಗೆ ನಡೆಯುತ್ತದೆ.

ನನ್ನ ಕಣ್ಣ ಮುಂದೆಯೇ ವಿಧಾನಗಳೂ ಬದಲಾದವು. ಸೇರಿದಾಗ ಬೆಂಕಿ ರೇಖೆಯ ತರಗೆಲೆಯನ್ನು ಪೊರಕೆ ಹಿಡಿದು ಗುಡಿಸುತ್ತಿದ್ದೆವು. ಬೆಂಕಿ ದಾಟದ ಹಾಗೆ ಕಾಡಿನ ನಡುವೆ ಬೋಳು ದಾರಿ ಬಿಡುತ್ತೇವಲ್ಲ, ಅದೇ ಬೆಂಕಿ ರೇಖೆ. ಆಮೇಲೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಬಂತು. ಒಂದು ಗಂಟೆಯಲ್ಲಿ ಹತ್ತು ಜನರ ಕೆಲಸ ಮಾಡುತ್ತದೆ, ಹತ್ತು ಜನರಷ್ಟೇ ಗಲಾಟೆಯನ್ನೂ ಮಾಡುತ್ತದೆ. ಮತ್ತೆ ಉಪಗ್ರಹದ ಮೆಸೇಜು ಬಂತು. ಎಲ್ಲಿ ನೆಲ ಬಿಸಿಯಾಗಿದೆ ಅಂತ ಫೋನಿಗೇ ಬರುತ್ತದೆ. ಅದು ಬರುವ ಹೊತ್ತಿಗೆ ಕೇತಜ್ಜ ಮೂಗು ಎತ್ತಿ ಮೂಸಿ, ಟವೆಲ್ಲು ಸುತ್ತಿಕೊಂಡು ಅರ್ಧ ದಾರಿ ನಡೆದಾಗಿರುತ್ತಿತ್ತು. ಒಮ್ಮೆ ಬಂದ ಮೆಸೇಜು ನಂಬಿ ಎರಡು ಗುಡ್ಡ ಹತ್ತಿದೆವು. ಬಿಸಿಲಿಗೆ ಕಾದ ಬಂಡೆ. ಮಾದೇಶ ಅದರ ಮೇಲೆ ನೀರು ಚಿಮುಕಿಸಿ, "ಆರ್ತು ಸಾ" ಅಂತ ವರದಿ ಮಾಡಿದ.

ಆರನೆಯ ಬೇಸಿಗೆಗೆ ಬರುತ್ತೇನೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಸುತ್ತಿದ್ದು.

ನಮ್ಮ ಕ್ಯಾಂಪಿನ ಹಿಂದೆ ಒಂದು ಇಳಿಜಾರು. ಅದರ ತುಂಬ ನೆಲ್ಲಿಮರ, ನಡುನಡುವೆ ದಿಂಡಿಗ, ಮತ್ತಿ, ಕಕ್ಕೆ. ಕೇತಜ್ಜನ ಪೋಡಿನವರು ನೆಲ್ಲಿಕಾಯಿ ಕುಯ್ಯುವುದು ಅಲ್ಲೇ. ಇಳಿಜಾರಿನ ನಡುಮಧ್ಯೆ ಒಂದು ದೊಡ್ಡ ನೆಲ್ಲಿ ಇತ್ತು. ಕೇತಜ್ಜನಿಗೆ ಮರ ಹತ್ತುವುದನ್ನು ಅವರಪ್ಪ ಕಲಿಸಿದ್ದು ಆ ಮರದ ಮೇಲೆ.

ಹಿಂದೆ ಅಲ್ಲಿ ಚಳಿಗಾಲದ ಕೊನೆಗೆ ಪೋಡಿನವರೇ ತರಗಿಗೆ ಸಣ್ಣಗೆ ಬೆಂಕಿ ಇಡುತ್ತಿದ್ದರಂತೆ. ಮಂಜಿನ ಪಸೆ ಇರುವಾಗ ಇಟ್ಟರೆ ಬೆಂಕಿ ಮೊಣಕಾಲೆತ್ತರಕ್ಕೂ ಏಳದೆ ತರಗು ತಿಂದು ಮಲಗುತ್ತದೆ. ಅದನ್ನು ನಿಲ್ಲಿಸಿ ಬಹಳ ವರ್ಷವಾಯಿತು. ಬೆಂಕಿ ತಪ್ಪು ಅಂತ ಕಾನೂನು. ಹಾಗಾಗಿ ತರಗು ಸೇರಿತು, ಲಾಂಟಾನದ ಪೊದೆ ಸೇರಿತು. ನಾವು ಕಾದೆವು. ಚೆನ್ನಾಗಿಯೇ ಕಾದೆವು. ಎಷ್ಟು ಚೆನ್ನಾಗಿ ಅಂದರೆ ಆ ವರ್ಷ ಮಾರ್ಚಿನ ಒಂದು ಮಧ್ಯಾಹ್ನ ಅದು ಹೇಗೋ ಹತ್ತಿಕೊಂಡಾಗ ಸುಡುವುದಕ್ಕೆ ಹತ್ತಾರು ವರ್ಷದ ಸೌದೆ ಸಿದ್ಧವಾಗಿತ್ತು. ಎರಡು ದಿನ ಬೇಕಾಯಿತು ಆರಿಸಲು. ನನ್ನ ಎದೆ ಕೆಟ್ಟದ್ದೂ ಆಗಲೇ.

ಮೂರನೆಯ ದಿನ ಸಾಹೇಬರು ಬಂದು ನೋಡಿದರು. ಇಳಿಜಾರು ಪೂರ್ತಿ ಕಪ್ಪು. "ಎಣಿಕೆ ಬೇಕು. ಬದುಕಿದ್ದೆಷ್ಟು, ಸತ್ತಿದ್ದೆಷ್ಟು. ಸತ್ತಿದ್ದಕ್ಕೆ ಸುಣ್ಣದ ಪಟ್ಟೆ" ಅಂದರು. ಫಾರಂ ಕೊಟ್ಟರು. ಅದರಲ್ಲಿ ಎರಡೇ ಕಾಲಂ. ಓದಿದವಳು ಅಂತ ಕೆಲಸ ನನಗೆ ಬಿತ್ತು. ನಾನೂ ಕೈ ಎತ್ತಿದ್ದೆ ಅನ್ನಿ.

ಒಂದು ಬಕೆಟ್ ಸುಣ್ಣ, ಒಂದು ಬ್ರಷ್ಷು. ಮರ ನೋಡುವುದು, ಕಪ್ಪಗಿದೆ, ಪಟ್ಟೆ ಬಳಿಯುವುದು, ಗೀಟು ಹಾಕುವುದು. ಎಲೆಯಿಲ್ಲ, ತೊಗಟೆ ಇದ್ದಲಿನಂತಿದೆ, ಇನ್ನೇನು ಬೇಕು? ಮುನ್ನೂರ ನಲವತ್ತು ನೆಲ್ಲಿ. ಸತ್ತಿದೆ ಕಾಲಮ್ಮಿನಲ್ಲಿ ಮುನ್ನೂರ ನಲವತ್ತು. ಕೆಳಗೆ ಷರಾ ಅಂತ ಒಂದು ಜಾಗವಿತ್ತು. ಅಲ್ಲಿ ನನ್ನ ಕೈ ಸುಮ್ಮನಿರಲಿಲ್ಲ: "ಅರಣ್ಯವು ಸಂಪೂರ್ಣ ನಾಶವಾಗಿದ್ದು, ತುರ್ತಾಗಿ ಹೊಸ ಸಸಿಗಳ ಅಗತ್ಯವಿದೆ." ಬರೆದು ಎರಡು ಸಲ ಓದಿಕೊಂಡೆ. ಕಣ್ಣಲ್ಲಿ ನೀರು ಬಂತು. ಹೊಗೆಯದ್ದೂ ಇರಬಹುದು.

ಸರ್ಕಾರಿ ಕಾಗದ ನಿಧಾನ ಅನ್ನುತ್ತಾರೆ. ನಾನು ಬರೆದದ್ದು ಎರಡೇ ವಾರದಲ್ಲಿ ಆದೇಶವಾಗಿ ವಾಪಸ್ ಬಂತು. ಸುಣ್ಣದ ಗುರುತಿರುವ ಮರಗಳನ್ನು ಕಡಿದು, ಗುಂಡಿ ತೋಡಿ, ಮಳೆಗೆ ನರ್ಸರಿ ಸಸಿ ನೆಡಬೇಕು. ಕೂಲಿಯವರು ಸೋಮವಾರ ಬರುತ್ತಾರೆ. ಅವತ್ತು ಗುರುವಾರ. ಖುಷಿಯಿಂದ ಕೇತಜ್ಜನಿಗೆ ಓದಿ ಹೇಳಿದೆ.

ಅವರು ಬೀಡಿ ಕೆಳಗಿಟ್ಟರು. "ಯಾರು ಬರ್ಕೊಟ್ಟದ್ದು, ಸತ್ತೋಗದ ಅಂತವ?"

"ನಾನೇ ಅಜ್ಜ."

"ಗೀರ್ ನೋಡ್ದಾ?"

"ಏನು ಗೀರೋದು?"

ಅವರು ಎದ್ದು ಇಳಿಜಾರಿಗೆ ನಡೆದರು. ಹಿಂದೆ ನಾನು, ಮಾದೇಶ. ನನ್ನ ಪಟ್ಟೆ ಬಳಿದ ಮೊದಲನೆಯ ಮರದ ಹತ್ತಿರ ನಿಂತು ಸೊಂಟದ ಚೂರಿ ತೆಗೆದರು. ಸುಣ್ಣದ ಪಕ್ಕದಲ್ಲೇ ಬೆರಳುದ್ದ ಗೀರಿದರು. ಮೇಲೆ ಮಸಿ. ಅದರ ಕೆಳಗೆ ಕಂದು. ಅದರ ಕೆಳಗೆ, ಎಳೆ ಹುರುಳಿಕಾಯಿಯ ಹಾಗೆ, ಹಸಿರು. ಒದ್ದೆ.

"ಇದು ಸತ್ತೋದ್ ಎಣವಾ?" ಅಂದರು.

ಎರಡನೆಯದು ಗೀರಿದರು. ಹಸಿರು. ಮೂರನೆಯದು. ಹಸಿರು. ಮಾದೇಶ ಹಿಂದಿನಿಂದ, "ಬೆಲ್ಲ ತಿನ್ಸಿದ್ದೇ ವಾಸಿ ಕಣೆ. ಈ ಸಲ ಕೊಲೆ ಕೇಸು" ಅಂದ.

ಕೇತಜ್ಜ ಅಲ್ಲೇ ಕೂತು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನಮ್ಮ ಮರಗಳ ತೊಗಟೆ ದಪ್ಪ. ಬೆಂಕಿ ಮೇಲಿನದನ್ನು ತಿನ್ನುತ್ತದೆ, ಒಳಗಿನದಕ್ಕೆ ತಲುಪುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಮೇಲಿನದು ಸತ್ತರೂ ಬೇರಲ್ಲಿ ಊಟ ಇರುತ್ತದೆ, ಬುಡದಿಂದ ಚಿಗುರುತ್ತದೆ. ಕಕ್ಕೆಯ ಹಾಗೆ ಗಟ್ಟಿ ಸಿಪ್ಪೆಯ ಬೀಜಗಳಿಗೆ ಸ್ವಲ್ಪ ಕಾವು ತಗುಲಿದರೆ ಮಳೆ ನೀರು ಒಳಗಿಳಿಯುತ್ತದೆ. ಬೂದಿ ಗೊಬ್ಬರ. ತರಗು ಹೋದ ಜಾಗಕ್ಕೆ ಬಿಸಿಲು ಬೀಳುತ್ತದೆ, ಮೊದಲು ಹುಲ್ಲು, ಹುಲ್ಲಿಗೆ ಜಿಂಕೆ. ಅವರು ನೆಲ ತೋರಿಸಿದರು. ಬೆಂಕಿಯಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ, ಒಂದು ಹನಿ ಮಳೆಯಿಲ್ಲ, ಸುಟ್ಟ ಗಿಡ್ಡ ಈಚಲಿನ ನೆತ್ತಿಯಲ್ಲಿ ಗಿಳಿ ಬಣ್ಣದ ಗರಿ ಎದ್ದಿತ್ತು. ಸುಣ್ಣದ ಬಕೆಟ್ ಹಿಡಿದು ನಾನು ಆ ಬುಡಗಳನ್ನು ತುಳಿದುಕೊಂಡೇ ಓಡಾಡಿದ್ದೆ.

ಆಮೇಲೆ ಕೊಂಬೆಯ ಮೇಲೆ ತೋರಿಸಿದರು. ನೆಲ್ಲಿಯ ರಸ ಹೀರಿ ಬದುಕುವ ಬಂದಣಿಕೆ ಗೊಂಚಲುಗೊಂಚಲಾಗಿ ಸುಟ್ಟು ಜೋತಿತ್ತು. "ಅದು ಸತ್ತದ ನೋಡು. ಅದ್ರ ಎಣ ಎಣಿಸ್ಬೇಕಿತ್ತು ನೀನು." ಹೋದ ವರ್ಷ ಅದೇ ಬಂದಣಿಕೆಯ ಹಸಿರು ನೋಡಿ ಮರ ಸೊಂಪಾಗಿದೆ ಅಂತ ನಾನು ಫೋಟೋ ಹಾಕಿದ್ದೆ.

ಹಾಗಂತ ಬೆಂಕಿ ದೇವರು ಅಂದುಕೊಳ್ಳಬೇಡಿ. ವರ್ಷವರ್ಷ ಅದೇ ಜಾಗ ಸುಟ್ಟರೆ ಎಳೆ ಗಿಡ ತಲೆಯೆತ್ತುವುದಿಲ್ಲ. ಲಾಂಟಾನ ಎಲ್ಲರಿಗಿಂತ ಮೊದಲು ಬುಡದಿಂದ ಎದ್ದು ಬರುತ್ತದೆ. ತಣ್ಣನೆಯ ಬೆಂಕಿ ಬೇರೆ, ಮಾರ್ಚಿನ ಬೆಂಕಿ ಬೇರೆ. ನನ್ನ ಫಾರಮ್ಮಿನಲ್ಲಿ ಇದಕ್ಕೂ ಕಾಲಂ ಇರಲಿಲ್ಲ.

ಅವತ್ತೇ ಹನೂರಿನ ರೇಂಜ್ ಆಫೀಸಿಗೆ ಹೋಗಿ ಸಾಹೇಬರ ಮುಂದೆ ನಿಂತೆ. ಒಂದು ಬಿಳಿ ಹಾಳೆಯಲ್ಲಿ ಬರೆದುಕೊಂಡಿದ್ದೆ: "ನಾನು ಮಾಡಿದ ಎಣಿಕೆ ತಪ್ಪಾಗಿದೆ." ಅವರು ಓದಿದರು. ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಇಷ್ಟು ವರ್ಷ ಸರ್ವೀಸಲ್ಲಿ ಇಂಥ ಕಾಗದ ಬಂದಿಲ್ಲಮ್ಮ. ಇದನ್ನ ಯಾವ ಫೈಲಿಗೆ ಹಾಕೋದು?"

"ಮರ ಬದುಕಿವೆ ಸಾರ್."

"ಸತ್ತಿವೆ ಅಂತ ಬರೆದದ್ದು ಯಾರು?"

"ನಾನು."

"ಬದುಕಿವೆ ಅಂತ ಹೇಳ್ತಿರೋದು?"

"ನಾನೇ ಸಾರ್."

"ಹಂಗಾದ್ರೆ ನಾನು ನಿಮ್ಮಿಬ್ಬರಲ್ಲಿ ಯಾರನ್ನ ನಂಬಲಿ?"

ಅವರು ಕನ್ನಡಕ ತೆಗೆದು ಒರೆಸಿದರು. ಆದೇಶ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಅಂದರು. ಆಮೇಲೆ ಆ ಆದೇಶವನ್ನೇ ನನ್ನ ಕಡೆಗೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಸುಣ್ಣದ ಗುರುತಿರುವ ಮರಗಳನ್ನು ಮಾತ್ರ ಅಂತ ಇದೆ. ಸೋಮವಾರ ಬೆಳಗ್ಗೆ ಯಾವ ಮರಕ್ಕೆ ಗುರುತಿದೆ, ಯಾವುದಕ್ಕಿಲ್ಲ, ಅದು ನಿಮಗೆ ಗೊತ್ತು." ಕಾನೂನು ಬಿಟ್ಟು ಒಂದು ಮಾತೂ ಆಡದ ಮನುಷ್ಯರಿಗೆ ಕಾನೂನಿನಲ್ಲಿ ಎಲ್ಲೆಲ್ಲಿ ಬಾಗಿಲಿದೆ ಅಂತಲೂ ಗೊತ್ತಿರುತ್ತದೆ. ಮೇಲಧಿಕಾರಿಗಳ ಬಗ್ಗೆ ನಾನು ಕಲಿತ ಒಳ್ಳೆಯ ಪಾಠ ಇದೊಂದೇ.

ಶುಕ್ರವಾರ, ಶನಿವಾರ, ಭಾನುವಾರ. ನಾನು, ಮಾದೇಶ, ಕೇತಜ್ಜ. ಪ್ರತಿ ಮರ ಗೀರುವುದು, ಹಸಿರಿದ್ದರೆ ಸುಣ್ಣ ಅಳಿಸುವುದು. ಸುಣ್ಣ ಬಿಡಲಿಲ್ಲ. ತೆಂಗಿನ ನಾರಿನಲ್ಲಿ ತಿಕ್ಕಿದೆ, ಒದ್ದೆ ಗೋಣಿಯಲ್ಲಿ ತಿಕ್ಕಿದೆ. ಕೈಯ ಚರ್ಮ ಬಂತು, ಸುಣ್ಣ ಬರಲಿಲ್ಲ. ಕೇತಜ್ಜ ಸ್ವಲ್ಪ ಹೊತ್ತು ನೋಡಿ, ಅದೇ ಮರದ ಮೇಲಿನ ಮಸಿ ಅಂಗೈಗೆ ತೆಗೆದುಕೊಂಡು ಪಟ್ಟೆಯ ಮೇಲೆ ಉಜ್ಜಿದರು. ಪಟ್ಟೆ ಮಾಯ. "ಕರಿ ನೋಡಿ ಎದ್ರಿ ಬಿಳಿ ಬಳ್ದೆ. ಈಗ ಕರಿಯೇ ಕಾಯ್ತದ" ಅಂದರು.

ಭಾನುವಾರ ಕತ್ತಲಾಗುವ ಹೊತ್ತಿಗೆ ಇನ್ನೂ ಎಂಬತ್ತು ಮರ ಉಳಿದಿತ್ತು. ನಾನು ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಮಾದೇಶ ಪಕ್ಕದಲ್ಲಿ ಕೂತು ಕೇಳಿದ, "ಕೂಲಿಯವ್ರು ಎಲ್ಲಿಯವ್ರಂತ?"

"ಹನೂರು ಕಡೆಯವರು."

"ಏ ಪೆದ್ದಿ, ಸೋಮಾರ ಮಾದಪ್ಪನ ವಾರ. ನಮ್ ಕಡೆಯವ್ರು ಮರುಕ್ಕ ಕೊಡ್ಲಿ ಆಕಾರಾ?"

ನಮ್ಮ ಬೆಟ್ಟದ ದೇವರ ವಾರ ಯಾರೂ ಕೊಡಲಿ ಎತ್ತುವುದಿಲ್ಲ ಅಂತ ಆದೇಶ ಟೈಪ್ ಮಾಡಿದವರಿಗೆ ಗೊತ್ತಿರಲಿಲ್ಲ. ಸೋಮವಾರ ಕೂಲಿಯವರು ಬಂದರು, ಕೊಡಲಿ ಒರಗಿಸಿದರು, ಕೈ ಮುಗಿದರು, ಎಲೆಯಡಿಕೆ ಹಾಕಿಕೊಂಡು ನಾಳೆ ನೋಡೋಣ ಅಂತ ಕೂತರು. ಆ ಒಂದು ದಿನದಲ್ಲಿ ಎಂಬತ್ತೂ ಮುಗಿಯಿತು.

ಕೊನೆಯದು ನಡುಮಧ್ಯದ ದೊಡ್ಡ ನೆಲ್ಲಿ. ಕೇತಜ್ಜ ಇಳಿಜಾರಿನ ಕೆಳಬದಿಯಲ್ಲೇ ನಿಂತು ಒಂದು ಗೀರು ಗೀರಿದರು. ಹಸಿರು. "ಇದ ಗೀರೋದೇ ಬ್ಯಾಡಾಗಿತ್ತು. ನನ್ಗಿಂತ ಮುಂಚ ಸಾಯಲ್ಲ ಇದು" ಅಂದು ತಾವೇ ಮಸಿ ಉಜ್ಜಿದರು.

ಒಳಗೂ ಒಣಗಿದ್ದ ಮೂವತ್ತೆರಡು ಸಣ್ಣ ಮರಗಳಿಗೆ ಸುಣ್ಣ ಉಳಿಸಿದೆವು. ಮಂಗಳವಾರ ಅವನ್ನು ಕಡಿದರು, ಗುಂಡಿ ತೋಡಿದರು. ಎರಡನೆಯ ಎಣಿಕೆ ಸರಿ ಅಂತ ನಾನು ಬೀಗಿದೆ. ಮಳೆ ಬಂತು, ನಾನು ಆರನೆಯ ಸಲ ನಿವೃತ್ತಳಾದೆ. ಆಗಸ್ಟಿನಲ್ಲಿ ಮನಸ್ಸು ತಡೆಯದೆ ಹೋಗಿ ನೋಡಿದರೆ ಮುನ್ನೂರಕ್ಕೂ ಹೆಚ್ಚು ಮರ ಚಿಗುರಿದ್ದವು. ಗುಂಡಿಯ ಸಸಿಗಳನ್ನು ಜಿಂಕೆ ತಿಂದಿದ್ದವು, ಉಳಿದವು ಒಣಗಿದ್ದವು. ಗುಂಡಿಗಳ ಪಕ್ಕದಲ್ಲಿ ಕಡಿದ ಮೂವತ್ತೆರಡು ಮೋಟುಗಳಿದ್ದವಲ್ಲ, ಮೂವತ್ತೆರಡೂ ಬುಡದಿಂದ ಚಿಗುರಿದ್ದವು. ಎರಡನೆಯ ಎಣಿಕೆಯೂ ತಪ್ಪು. ಆಮೇಲೆ ತಪಾಸಣೆಗೆ ಬಂದವರು ಆ ಚಿಗುರನ್ನು ನೋಡಿ, "ನೆಟ್ಟ ಗಿಡ ಚೆನ್ನಾಗಿ ಬಂದಿವೆ" ಅಂತ ಬರೆದುಕೊಂಡರಂತೆ. ಮಾದೇಶ ಹೇಳಿ ನಕ್ಕ. ನಮ್ಮ ಸಾಹೇಬರು ಅಲ್ಲೇ ಇದ್ದರಂತೆ. ಅವರು ಮಾತ್ರ ಆಕಾಶ ನೋಡುತ್ತಿದ್ದರಂತೆ.

ಏಳನೆಯ ಜನವರಿಗೆ ಹಾಜರಾದೆ. ಕ್ಯಾಂಪಿಗೆ ಬಂದ ಮೊದಲ ಬೆಳಗ್ಗೆಯೇ ಕೇತಜ್ಜ ಬಂದು, "ಅಮ್ಮಿ, ಸುಣ್ಣ ಅದಾ?" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ಡಬ್ಬದ ತಳದಲ್ಲಿ ಸ್ವಲ್ಪ ಉಳಿದಿತ್ತು, ನೀರು ಹಾಕಿ ಕಲಸಿಕೊಂಡು ಅವರ ಹಿಂದೆ ಹೋದೆ.

ಇಳಿಜಾರಿನಲ್ಲಿ ಪೋಡಿನವರು ನೆಲ್ಲಿಕಾಯಿ ಕುಯ್ಯುತ್ತಿದ್ದರು. ದೊಡ್ಡ ನೆಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಒಂದು ಎಲೆ ಇಲ್ಲ, ಬುಡದಲ್ಲೂ ಚಿಗುರಿಲ್ಲ. ಕೇತಜ್ಜ ನನ್ನನ್ನು ಮೇಲುಬದಿಗೆ ಕರೆದುಕೊಂಡು ಹೋದರು. ಇಳಿಜಾರಿನಲ್ಲಿ ತರಗು ಜಾರಿ ಬಂದು ನಿಲ್ಲುವುದು ಮರದ ಮೇಲುಬದಿಯಲ್ಲಿ. ಬೆಂಕಿ ಹೆಚ್ಚು ಹೊತ್ತು ಕೂರುವುದೂ ಅಲ್ಲೇ. ಅಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಪೊಟರೆ, ಒಳಗೆಲ್ಲ ಸುಟ್ಟು ಇದ್ದಲು. ಹೋದ ವರ್ಷ ನಾವು ಗೀರಿದ್ದು ಕೆಳಬದಿಯಲ್ಲಿ. ಸುತ್ತಿ ಬಂದು ನೋಡಿರಲಿಲ್ಲ. ಅವರು ಹೇಳಿದ ಮೇಲೆ ನೋಡುವುದೇನು ಅಂತ ನಾನು, ಈ ಮರವನ್ನು ನೋಡುವುದೇನು ಅಂತ ಅವರು.

ನಾನು ಬ್ರಷ್ಷು ಹಿಡಿದು ನಿಂತೇ ಇದ್ದೆ. ಕಡಿಸಬೇಕಾ ಅಜ್ಜ ಅಂತ ಕೇಳಿದೆ.

"ಕಡ್ಯಾದು ಯಾಕ? ನಿಂತಿರ್ಲಿ. ಗಿಳಿ ಸೇರ್ಕತ್ತವ, ಜೇನು ಕೂತ್ಕತ್ತದ."

"ಮತ್ತೆ ಸುಣ್ಣ?"

ಅವರು ಮರದ ಮೇಲೆ ಕೈಯಿಟ್ಟರು. ಕೈ ತೆಗೆದಾಗ ಅಂಗೈ ಕಪ್ಪಗಾಗಿತ್ತು.

"ಮುನ್ನೂರ್ ನಲವತ್ತು ಸತ್ತೋದೋ ಅಂತ ಬರ್ದೆ, ಇದೊಂದ್ ಬಿಟ್ರ ಒಂದೂ ಸಾಯ್ನಿಲ್ಲ. ಆಮೇಲ ಮೂವತ್ತೆರಡು ಅಂದೆ, ಅವೂ ಸಾಯ್ನಿಲ್ಲ. ನಿನ್ ಎಣಿಕೆ ಪೂರಾ ಸುಳ್ಳಾಗ್ಬಾರ್ದಲ್ಲ ಅಮ್ಮಿ. ಒಂದ್ನಾರ ಸರಿಯಾಗಿ ಬರ್ಕೊ. ಬಳಿ."

ಬಳಿದೆ. ಏಳು ವರ್ಷದ ಸರ್ವೀಸಿನಲ್ಲಿ ನಾನು ಸರಿಯಾಗಿ ಬಳಿದ ಸುಣ್ಣ ಅದೊಂದೇ. ಬಳಿಯುವ ಮೊದಲು ಮರದ ಸುತ್ತ ಒಂದು ಸುತ್ತು ಬಂದೆ, ಎರಡು ಬದಿಯಲ್ಲೂ ಗೀರಿದೆ, ಎರಡೂ ಒಣ. ಅವರು ನೋಡುತ್ತಿದ್ದರು. ಬೇಡ ಅನ್ನಲಿಲ್ಲ.